ಸತ್ತ ಸೈರನ್ನು ಕೂಗಿದ ದಿನ

ಹಳೆಯ ಸೈರನ್ನಿನ ವಯಸ್ಸು ಹೇಳುವುದರಲ್ಲಿ ಹೊಸಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಈ ವಿದ್ಯೆಗೆ ಹೊಸಪೇಟೆಯಲ್ಲಿ ಬೇರೆ ಯಾರೂ ಕೈ ಹಾಕಿಯೇ ಇಲ್ಲ!

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಗಿರಿಜಾ ಟೀಚರು. ಸಹೋದ್ಯೋಗಿಗಳು ಸೀರೆ ಸೇರಿಸುತ್ತಾರೆ, ಸ್ಟೀಲಿನ ಡಬ್ಬಿ ಸೇರಿಸುತ್ತಾರೆ. ನಾನು ಹಳೆಯ ಆಂಬುಲೆನ್ಸು, ಫೈರ್ ಇಂಜಿನ್ನುಗಳ ನೆತ್ತಿಯ ಮೇಲಿರುವ ದೀಪ ಮತ್ತು ಸೈರನ್ನುಗಳನ್ನು ಸೇರಿಸುತ್ತೇನೆ. ನನ್ನಪ್ಪ ಫೈರ್ ಇಂಜಿನ್ ಡ್ರೈವರ್ ಆಗಿದ್ದರು. ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಜೋಗುಳಕ್ಕಿಂತ ಸೈರನ್ನೇ ಹೆಚ್ಚು ಪರಿಚಿತ. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಸಂಡೂರಿನ ಗುಜರಿ ಅಂಗಡಿಯಲ್ಲಿ, ಯಾವುದೋ ಗಣಿಯ ಹಳೆಯ ಆಂಬುಲೆನ್ಸಿನ ನೀಲಿ ಗಾಜಿನ ದೀಪ ಕಣ್ಣಿಗೆ ಬಿತ್ತು. ಎತ್ತಿಕೊಂಡು ಮನೆಗೆ ತಂದೆ. ಅಂದು ಹತ್ತಿದ ಹುಚ್ಚು ಇಂದಿಗೂ ಇಳಿದಿಲ್ಲ. ಗೊಂಬೆಗಳಿರಬೇಕಾದ ಶೋಕೇಸಿನಲ್ಲಿ ಈಗ ಕೈಯಿಂದ ತಿರುಗಿಸುವ ಸೈರನ್ನು ಕೂತಿದೆ. ಫೈರ್ ಇಂಜಿನ್ನಿನ ಹಿತ್ತಾಳೆ ಗಂಟೆಯನ್ನು ಬಾಗಿಲ ಬಳಿ ತೂಗುಹಾಕಿದ್ದೇನೆ. ಹೊಸಬರು ಯಾರಾದರೂ ಬಂದರೆ ಅದನ್ನು ಒಮ್ಮೆ ಬಾರಿಸಿ, ಕೈಮುಗಿದೇ ಒಳಗೆ ಬರುತ್ತಾರೆ.

ನಮ್ಮ ಯಜಮಾನರಿಗೆ ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ನನ್ನ ಈ ಹವ್ಯಾಸದ ಬಗ್ಗೆ ಅವರ ಅಭಿಪ್ರಾಯ ಖಚಿತವಾಗಿದೆ.

"ವಾರಗಟ್ಲೆ ಫ್ಯಾಕ್ಟರ್ಯಾಗ ಸೈರನ್ ಕೇಳಿ ಬರ್ತೀನಿ ನಾನು. ಮನ್ಯಾಗೂ ಅದೇನಾ? ಮಂದಿ ಹೆಂಡ್ರು ಬಂಗಾರ ಕೇಳ್ತಾರ. ನೀ ಒಂದ್ಸಲನಾದ್ರೂ ಬಂಗಾರ ಕೇಳಲೇ, ಖುಷಿಯಿಂದ ಇಲ್ಲ ಅಂತೀನಿ!"

ಅವರಿಗೇನು ಗೊತ್ತು? ಇದು ಶಾಸ್ತ್ರ. ಮೊದಲು ದೀಪದ ಗುಮ್ಮಟವನ್ನು ತಟ್ಟಿ ನೋಡಬೇಕು. ಗಾಜಾದರೆ ಹಳೆಯದು, ಪ್ಲಾಸ್ಟಿಕ್ಕಾದರೆ ಈಚಿನದು. ಸ್ಕ್ರೂಗಳ ತಲೆಯ ಮೇಲೆ ಒಂದೇ ಗೀರಿದ್ದರೆ ಅಜ್ಜನ ಕಾಲ, ಕೂಡಿಸುವ ಚಿಹ್ನೆಯಿದ್ದರೆ ಮೊಮ್ಮಗನ ಕಾಲ. ಕಂಪನಿಯ ತಗಡಿನ ಮೇಲೆ ವಿಳಾಸವಿದ್ದರೆ ಪಿನ್‌ಕೋಡ್ ಹುಡುಕಬೇಕು. ಇಲ್ಲದಿದ್ದರೆ ಆ ವಸ್ತು ಪಿನ್‌ಕೋಡಿಗಿಂತ ಹಿರಿಯದು. ಕೊನೆಗೆ ಮೂಲೆಯಲ್ಲಿ ಉಗುರಿನಿಂದ ಬಣ್ಣ ಕೆರೆಯಬೇಕು. ಮೇಲಿನ ಬಿಳಿಯ ಕೆಳಗೆ ಕೆಂಪು ಕಂಡರೆ ಅದಕ್ಕೊಂದು ಪೂರ್ವಜನ್ಮವಿದೆ ಎಂದರ್ಥ. ಇಷ್ಟು ಬಲ್ಲವಳು ನಾನು. ಎಲ್ಲಿ ಎಡವಬೇಕು?

ಕಂಪ್ಲಿಯಲ್ಲಿ ಎಡವಿದೆ.

ಅಲ್ಲಿನ ರೈಸ್ ಮಿಲ್ಲಿನ ಮಾಲೀಕರಾದ ಶರಣಪ್ಪನವರು ತಮ್ಮ ಗೋದಾಮು ಖಾಲಿ ಮಾಡಿಸುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಊರಿಗೆಂದು ಓಡಿಸಿದ ಆಂಬುಲೆನ್ಸೊಂದು ಅಲ್ಲಿ ಹೊಟ್ಟಿನ ರಾಶಿಯ ಹಿಂದೆ ತುಕ್ಕು ಹಿಡಿದು ನಿಂತಿದೆಯೆಂದು ಸುದ್ದಿ ಸಿಕ್ಕಿತು. ಯಜಮಾನರಿಗೆ ವಾರದ ರಜೆಯಿತ್ತು. ಅವರು ಮಲಗುವ ಯೋಜನೆ ಹಾಕಿಕೊಂಡಿದ್ದರು. ನಾನು ಅವರನ್ನೆಬ್ಬಿಸಿ, ನಮ್ಮ ಹಳೆಯ ಬಿಳಿ ವ್ಯಾನಿನಲ್ಲಿ ಕೂರಿಸಿ, ಕಂಪ್ಲಿಗೆ ಹೊರಡಿಸಿದೆ.

ಗೋದಾಮಿನಲ್ಲಿ ಅದನ್ನು ಕಂಡ ಕೂಡಲೇ ನನ್ನ ಎದೆ ಹೊಡೆದುಕೊಂಡಿತು. ಆಂಬುಲೆನ್ಸಿನ ನೆತ್ತಿಯ ಮೇಲೆ ಉದ್ದನೆಯ ಕಬ್ಬಿಣದ ಪಟ್ಟಿ. ಅದರ ನಡುವೆ ಕೆಂಪು ಗುಮ್ಮಟದ ತಿರುಗುವ ದೀಪ, ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂಥ ಮೋಟಾರು ಸೈರನ್ನು. ತಟ್ಟಿದೆ, ಗಾಜು! ಸ್ಕ್ರೂ ನೋಡಿದೆ, ಒಂದೇ ಗೀರು! ತಗಡು ಒರೆಸಿದೆ, ಪಿನ್‌ಕೋಡ್ ಇಲ್ಲ!

"ಶರಣಪ್ಪಾರ, ಇದು ಪಿನ್‌ಕೋಡಿಗಿಂತ ಹಿರೀದು!" ಎಂದು ಘೋಷಿಸಿದೆ.

"ಇರಬೌದ್ರಿ ಟೀಚರ್. ಒಳಗ ಹಲ್ಲಿ ಮರಿ ಹಾಕ್ಯಾವ. ನೀವು ತಗೊಂಡ್ ಹೋಗೋದಿದ್ರ ನನಗ ಭಾಳ ಉಪಕಾರ ಆಗ್ತತಿ" ಎಂದರು ಶರಣಪ್ಪ.

ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ? ಬಿಚ್ಚಿ ಇಳಿಸಿದ ಪಟ್ಟಿ ವ್ಯಾನಿನೊಳಗೆ ಹಿಡಿಸಲಿಲ್ಲ. ಮೇಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದೆವು. ವ್ಯಾನಿನ ಬ್ಯಾಟರಿ ನನ್ನ ಸೀಟಿನ ಕೆಳಗಿದೆ. ಮಿಲ್ಲಿನ ಸ್ಪ್ಯಾನರ್ ತೆಗೆದುಕೊಂಡು ಸೈರನ್ನಿನ ಎರಡು ವೈರುಗಳನ್ನು ಕಿಟಕಿಯಿಂದ ಒಳಗೆ ತಂದು ಬ್ಯಾಟರಿಗೆ ಬಿಗಿದೆ. ಏನೂ ಆಗಲಿಲ್ಲ. ದೀಪ ಮಿಣುಕಲಿಲ್ಲ, ಸೈರನ್ನು ಕೆಮ್ಮಲೂ ಇಲ್ಲ.

"ವೈರ್ ಬಿಚ್ಚು" ಎಂದರು ಯಜಮಾನರು.

ಅಷ್ಟರಲ್ಲಿ ಸ್ಪ್ಯಾನರನ್ನು ಮಿಲ್ಲಿನವರು ಒಳಗೆ ಒಯ್ದಿದ್ದರು.

"ಇರ್ಲಿ ಬಿಡ್ರಿ, ಮನಿಗೆ ಹೋಗಿ ಇನ್ನೊಮ್ಮೆ ನೋಡಿದ್ರಾತು. ಸತ್ತ ಸೈರನ್ ಏನ್ ಮಾಡ್ತತಿ?" ಎಂದೆ.

ಖಾಸಗಿ ಗಾಡಿಯ ಮೇಲೆ ಕೆಂಪು ದೀಪ ಇಟ್ಟುಕೊಂಡು ಓಡಾಡುವಂತಿಲ್ಲವೆಂಬ ಕಾನೂನು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಜವಾಬ್ದಾರಿಯುತ ನಾಗರಿಕಳಾಗಿ ಅದರ ಮೇಲೊಂದು ಹೂವಿನ ಬೆಡ್‌ಶೀಟು ಹೊದಿಸಿದೆ. ಹೊರಟೆವು.

ಕಂಪ್ಲಿ ದಾಟಿ ಕಮಲಾಪುರದ ಕಡೆ ಬರುವಾಗ ಎರಡೂ ಕಡೆ ಬಾಳೆತೋಟ, ಗದ್ದೆ, ನಡುವೆ ಕಾಲುವೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮಾಡಿಟ್ಟ ಗುಂಡಿಗಳು. ಅಂಥ ಒಂದು ಗುಂಡಿಗೆ ನಮ್ಮ ವ್ಯಾನು ಧಡ್ಡನೆ ಇಳಿದು ಎದ್ದಿತು.

ಸೈರನ್ನೂ ಎದ್ದಿತು!

ಮೊದಲು ದೊಡ್ಡ ನಾಯಿಯೊಂದು ಗುರುಗುಟ್ಟಿದಂತೆ ಕೇಳಿಸಿತು. ಆಮೇಲೆ ಅದು ಏರತೊಡಗಿತು. ಏರಿತು, ಏರಿತು, ನನ್ನ ಹಲ್ಲುಗಳು ಜುಮ್ಮೆನ್ನುವವರೆಗೂ ಏರಿತು. ಬೆಡ್‌ಶೀಟು ಹಾರಿಹೋಗಿ ಗದ್ದೆಯಲ್ಲಿ ಬಿತ್ತು. ಕೆಂಪು ಬೆಳಕು ಬಾಳೆ ಎಲೆಗಳ ಮೇಲೆ ಸುತ್ತತೊಡಗಿತು. ಅದೆಂಥ ದನಿ! ಅಪ್ಪಟ ಹಳೆಯ ಮೋಟಾರು ಸೈರನ್ನಿನ ದನಿ! ಒಂದು ಕ್ಷಣ ನನಗೆ ಆನಂದದಿಂದ ಕಣ್ಣು ತುಂಬಿ ಬಂತು.

"ಬಂದ್ ಮಾಡ್!" ಎಂದು ಯಜಮಾನರು ಕೂಗಿದ್ದು ಅವರ ತುಟಿಯ ಆಕಾರದಿಂದ ಗೊತ್ತಾಯಿತು.

ಬಂದ್ ಮಾಡುವುದು ಹೇಗೆ? ಅದಕ್ಕೆ ಸ್ವಿಚ್ಚೇ ಇಟ್ಟಿರಲಿಲ್ಲ. ಅದು ಯಾವ ಕಾಲದಲ್ಲಿ ಹುಟ್ಟಿತೆಂದು ನನಗೆ ಗೊತ್ತಿತ್ತು. ಅದರ ಬಾಯಿ ಮುಚ್ಚಿಸುವುದು ಹೇಗೆಂದು ಗೊತ್ತಿರಲಿಲ್ಲ! ವ್ಯಾನು ನಿಲ್ಲಿಸಿ ಇಳಿದು, ಸೀಟು ಎತ್ತಿ, ನಟ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದೆ, ಅಲುಗಲಿಲ್ಲ. ನಾನೇ ಬಿಗಿದಿದ್ದ ನಟ್ಟು. ಗಣಿತ ಟೀಚರು ಬಿಗಿದರೆ ಸಡಿಲವಾಗಿ ಬಿಗಿಯುತ್ತಾರೆಯೇ?

ತಲೆ ಎತ್ತಿ ನೋಡಿದರೆ, ಬಾಳೆತೋಟದ ದಾರಿಯಿಂದ ಜನ ಓಡಿ ಬರುತ್ತಿದ್ದರು. ಮುಂದೆ ಕಚ್ಚೆ ಬಿಗಿದ ಒಬ್ಬ ಮುದುಕಿ. ಹಿಂದೆ ಇಬ್ಬರು ಹೆಂಗಸರ ಹೆಗಲ ಮೇಲೆ ಕೈ ಹಾಕಿಕೊಂಡು, ಹೊಟ್ಟೆ ಹಿಡಿದು ನಡೆಯುತ್ತಿದ್ದ ತುಂಬು ಬಸುರಿ.

ನಾನು ಎರಡೂ ಕೈ ಎತ್ತಿ ಬೀಸಿದೆ.

"ಇದು ಆಂಬುಲೆನ್ಸ್ ಅಲ್ರೀ!" ಎಂದು ಕೂಗಿದೆ.

ಮುದುಕಿ ಕಿವಿಗೆ ಕೈ ಹಿಡಿದಳು. ಸೈರನ್ನಿನ ಅಬ್ಬರದಲ್ಲಿ ಅವಳಿಗೆ ಕೇಳಿಸಿದ್ದು ಒಂದೇ ಮಾತು.

"ಹೂಂ, ಹೂಂ! ಆಂಬುಲೆನ್ಸ್! ಜಲ್ದಿ ಬಂದ್ರಿ ನಮ್ಮವ್ವ!" ಎಂದು ನನ್ನ ಗಲ್ಲ ಸವರಿ, ಹಿಂದಿನ ಬಾಗಿಲು ಸರಿಸಿಯೇಬಿಟ್ಟಳು. ಬಸುರಿಯನ್ನು ಸೀಟಿನ ಮೇಲೆ ಮಲಗಿಸಿದರು. ಮುದುಕಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಬಗ್ಗಿ, ಆಕೆಯ ಕಿವಿಯ ಹತ್ತಿರವೇ ಬಾಯಿಟ್ಟು, ನಾವು ಯಾರು, ಈ ಸೈರನ್ನು ಏಕೆ ಕೂಗುತ್ತಿದೆ ಎಂದೆಲ್ಲ ವಿವರಿಸಿದೆ. ಸಂಗ್ರಾಹಕಿ ಎಂಬ ಶಬ್ದವನ್ನೂ ಬಳಸಿದೆ.

"ಅದೆಲ್ಲ ಆಮ್ಯಾಲ ಬರ್ಕೊಳ್ರಿ! ಹೆಸರು ಲಕ್ಷ್ಮಿ, ನನ್ನ ಸೊಸಿ. ನಾನು ಹುಲಗವ್ವ. ಗಂಡ ಕುರೆಕುಪ್ಪದಾಗ ಡ್ಯೂಟಿ ಮ್ಯಾಲ ಅದಾನ. ಫೋನ್ ಮಾಡಿದ್ರ ಗಾಡಿ ಮೆಟ್ರಿ ಕಡಿ ಪೇಷಂಟ್ ತರಾಕ ಹೋಗೈತಿ, ತಡ ಆಗ್ತತಿ ಅಂದಿದ್ರು. ಹೊಸಪೇಟಿ ದೊಡ್ಡಾಸ್ಪತ್ರಿಗೇ ಕರ್ಕೊಂಡ್ ಬರ್ರಿ, ಕೂಸು ಅಡ್ಡ ಐತಿ ಅಂತ ಡಾಕ್ಟ್ರು ಹೇಳ್ಯಾರ. ನಡೀರಿ!"

ಕೂಸು ಅಡ್ಡ ಇದೆ. ಆ ಮಾತು ಕೇಳಿದ ಮೇಲೆ ವಿವರಣೆಯನ್ನು ಅಲ್ಲಿಗೇ ಬಿಟ್ಟು ಮುಂದಿನ ಸೀಟಿಗೆ ಹತ್ತಿದೆ. ಲಕ್ಷ್ಮಿ ನನ್ನತ್ತ ನೋಡಿದಳು. ಇನ್ನೂ ಎಳೆಯ ಮುಖ, ಬೆವರಿನಲ್ಲಿ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಅವಳು ನನ್ನನ್ನು ನಂಬಿದ್ದಳು, ಅಷ್ಟೇ.

ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಗೇರ್ ಹಾಕಿದರು.

ಇಷ್ಟು ವರ್ಷ ನಾನು ಸೈರನ್ನನ್ನು ಹೊರಗಿನಿಂದ ಕೇಳಿದ್ದೆ. ಒಳಗೆ ಕೂತು ಕೇಳುವುದು ಬೇರೆಯೇ. ಆ ದನಿ ದಾರಿಯವರಿಗೆ ಹೇಳುವುದಕ್ಕಿಂತ ಹೆಚ್ಚಾಗಿ ನನಗೇ ಹೇಳುತ್ತಿತ್ತು, ತಡವಾಗುತ್ತಿದೆ, ತಡವಾಗುತ್ತಿದೆ ಎಂದು. ಎದುರಿಗೆ ಬಂದ ಬಸ್ಸು ಪಕ್ಕಕ್ಕೆ ಸರಿಯಿತು. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಟ್ಟವು. ಎತ್ತಿನ ಗಾಡಿಯವನೊಬ್ಬ ಎತ್ತುಗಳ ಸಮೇತ ಗದ್ದೆಗೇ ಇಳಿದುಬಿಟ್ಟ. ಹಿಂದಿನಿಂದ ಲಕ್ಷ್ಮಿಯ ನರಳಾಟ, ಹುಲಗವ್ವನ "ತಡ್ಕೋ ನನ್ನವ್ವ, ತಡ್ಕೋ". ವಾರವೆಲ್ಲ ನಿಧಾನವಾಗಿ ಓಡಿಸುವ ನಮ್ಮ ಯಜಮಾನರು ಸ್ಟೀರಿಂಗನ್ನು ಎದೆಗಪ್ಪಿಕೊಂಡು, ಒಂದು ಗುಂಡಿಯನ್ನೂ ಮುಟ್ಟದೆ ವ್ಯಾನನ್ನು ಹಾವಿನಂತೆ ಹರಿಸುತ್ತಿದ್ದರು. ಮದುವೆಯಾದ ಮೇಲೆ ಮೊದಲ ಸಲ ನಾನು ಅವರನ್ನು ಮೆಚ್ಚುಗೆಯಿಂದ ನೋಡಿದೆ.

ಆಗ ಹೊಗೆ ಬಂತು.

ನನ್ನ ಸೀಟಿನ ಕೆಳಗಿನಿಂದ! ಹಳೆಯ ವೈರು, ಎಲ್ಲಿಯ ತನಕ ತಡೆದೀತು? ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಕೆಳಗೆ ಬ್ಯಾಟರಿ, ಹಿಂದೆ ಬಸುರಿ, ಮಧ್ಯದಲ್ಲಿ ನಾನು. ಯಜಮಾನರು ಬ್ರೇಕ್ ಹಾಕಿದರು. ನಾನು ಕಾಲಡಿಯ ರಬ್ಬರ್ ಮ್ಯಾಟನ್ನು ಕೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ವೈರನ್ನು ಹಿಡಿದು ಜಗ್ಗಿದೆ. ಕಿಡಿ ಹಾರಿತು. ಕರಗಿದ್ದ ವೈರು ಕಿತ್ತು ಬಂತು. ಸೈರನ್ನು ಒಂದು ದೀರ್ಘ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಆ ಮೌನದಲ್ಲಿ ನಾನು ತಲೆ ಎತ್ತಿ ನೋಡಿದೆ. ನಾವು ಕಮಲಾಪುರ ತಲುಪಿದ್ದೆವು. ಅಂದು ಕಮಲಾಪುರದ ಸಂತೆ!

ರಸ್ತೆಯ ಮೇಲೆ ಉಳ್ಳಾಗಡ್ಡಿಯ ಗುಡ್ಡೆಗಳು, ಬಾಳೆಗೊನೆ ಹೊತ್ತ ಆಟೋಗಳು, ಹಂಪಿ ನೋಡಲು ಬಂದವರ ಬಸ್ಸು. ಎಲ್ಲದರ ನಡುವೆ ಒಂದು ಕಬ್ಬಿನ ಟ್ರೇಲರು ಅಡ್ಡಡ್ಡ ನಿಂತು ಕದಲುತ್ತಿರಲಿಲ್ಲ. ಯಜಮಾನರು ಹಾರ್ನ್ ಒತ್ತಿದರು. ನಮ್ಮ ವ್ಯಾನಿನ ಹಾರ್ನು ಸಂಕೋಚದ ಸ್ವಭಾವದ್ದು. ಮುಂದಿದ್ದ ಎಮ್ಮೆ ಸಹ ತಿರುಗಿ ನೋಡಲಿಲ್ಲ.

"ಸೈರನ್ ಯಾಕ ನಿಂತೈತಿ? ಹಚ್ರಿ!" ಎಂದಳು ಹುಲಗವ್ವ.

"ಕೆಟ್ಟೈತ್ರಿ ಅವ್ವ" ಎಂದೆ.

"ಅಯ್ಯೋ ಶಿವನೆ! ಹಂಗಾದ್ರ ಕೂಗ್ರಿ, ಯಾರಾದ್ರೂ ಕೂಗ್ರಿ!"

ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ದಯವಿಟ್ಟು ದಾರಿ ಬಿಡಿ, ಒಳಗೆ ಗರ್ಭಿಣಿ ಇದ್ದಾರೆ" ಎಂದು ಶುದ್ಧ ಕನ್ನಡದಲ್ಲಿ ವಿನಂತಿಸಿಕೊಂಡೆ. ಒಬ್ಬಾಕೆ ನನ್ನ ಕಡೆ ಬದನೆಕಾಯಿ ಚಾಚಿದಳು.

ಹಿಂದಿನಿಂದ ಸದ್ದೇ ಬರುತ್ತಿಲ್ಲವೆಂದು ಆಗ ಗಮನಕ್ಕೆ ಬಂತು. ತಿರುಗಿ ನೋಡಿದೆ. ಲಕ್ಷ್ಮಿ ನರಳುವುದನ್ನು ನಿಲ್ಲಿಸಿದ್ದಳು. ಕಣ್ಣು ಅರ್ಧ ಮುಚ್ಚಿದ್ದವು. ಹುಲಗವ್ವ ಅವಳ ಗಲ್ಲ ತಟ್ಟುತ್ತ, "ಲಕ್ಷ್ಮಿ, ಏ ಲಕ್ಷ್ಮಿ, ಮಾತಾಡ ನನ್ನವ್ವ" ಎನ್ನುತ್ತಿದ್ದಳು.

ನನಗೆ ಏನಾಯಿತೋ ಗೊತ್ತಿಲ್ಲ. ಬಾಯಿ ತಾನಾಗಿ ತೆರೆಯಿತು.

"ಊಂಂಂ... ಊಊಊಊ..."

ಕೆಳಗಿನಿಂದ ನಿಧಾನವಾಗಿ ಏರಿಸಿ, ತುದಿಯಲ್ಲಿ ನಿಲ್ಲಿಸಿ, ಮತ್ತೆ ನಿಧಾನವಾಗಿ ಇಳಿಸಿದೆ. ಪಿನ್‌ಕೋಡ್‌ಗೂ ಮೊದಲಿನ ಮೋಟಾರು ಸೈರನ್ನು ಹೇಗೆ ಕೂಗುತ್ತಿತ್ತೋ ಹಾಗೆಯೇ, ಒಂದು ಸ್ವರವೂ ತಪ್ಪದಂತೆ! ಸಂತೆಯ ಜನ ಈ ಕಡೆ ನೋಡಿದರು. ಯಾರಿಗೂ ಅರ್ಥವಾಗಲಿಲ್ಲ. ಎಮ್ಮೆ ಮಾತ್ರ ಸ್ನೇಹದಿಂದ ಉತ್ತರ ಕೊಟ್ಟಿತು.

"ಅಜ್ಜನ ಕಾಲದ್ದು ಯಾಕ ಹೊಡೀತೀಯಲೇ ಗಿರಿಜಾ?" ಯಜಮಾನರು ಸ್ಟೀರಿಂಗನ್ನು ಗುದ್ದಿದರು. "ಈಗಿನ ಕಾಲದ್ದು ಹೊಡಿ!"

ಹೌದಲ್ಲ! ಶಾಸ್ತ್ರ ಬಿಟ್ಟೆ. ಗಂಟಲು ಹರಿಯುವಂತೆ ಶುರು ಮಾಡಿದೆ:

"ಪೀಂ-ಪೋಂ! ಪೀಂ-ಪೋಂ! ಪೀಂ-ಪೋಂ!"

ಬುಟ್ಟಿಗಳು ಸರಿದವು. ಆಟೋಗಳು ಹಿಂದಕ್ಕೆ ಹೋದವು. ಬದನೆಕಾಯಿಯವಳೇ ಎದ್ದು ನಿಂತು ಎಮ್ಮೆಗೆ ಎರಡು ಬಿಟ್ಟಳು. ನಾಲ್ಕಾರು ಜನ ಕೂಡಿ ಟ್ರೇಲರನ್ನು ನೂಕಿದರು. ನನ್ನ ವಿದ್ಯಾರ್ಥಿಗಳು ಆ ಸಂತೆಯಲ್ಲಿ ಇದ್ದರೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ಇದ್ದರೆ ಅವರಿಗೆ ಜೀವಮಾನವಿಡೀ ನಗುವಷ್ಟು ಸರಕು ಸಿಕ್ಕಿತು.

ಸಂತೆ ಮುಗಿಯುವಲ್ಲಿ ಪೊಲೀಸ್ ಪೇದೆಯೊಬ್ಬರು ಬೈಕನ್ನು ಅಡ್ಡ ನಿಲ್ಲಿಸಿ ಕೈ ತೋರಿಸಿದರು. ಮೀಸೆ ದೊಡ್ಡದು, ಮುಖ ಅದಕ್ಕಿಂತ ಗಂಭೀರ.

"ಏನ್ರೀ ಇದು? ಈ ಕೆಂಪು ಲೈಟ್ ಹಾಕ್ಕೊಳ್ಳಾಕ ಯಾರು ಪರ್ಮಿಷನ್ ಕೊಟ್ಟಾರ? ಮತ್ತ ಈ ಸೈರನ್..." ಎಂದು ನಮ್ಮ ಮೇಲ್ಛಾವಣಿ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು.

ನಾನು ವಿವರಿಸಬೇಕೆಂದು ಬಾಯಿ ತೆರೆದರೆ ಅಭ್ಯಾಸ ಬಲದಿಂದ "ಪೀಂ" ಎಂದೇ ಬಂತು. ಪೇದೆಯ ಹುಬ್ಬು ಏರಿತು. ನನ್ನ ಕಣ್ಣ ಮುಂದೆ ಠಾಣೆ, ಹೆಡ್‌ಮಾಸ್ಟರರ ಮುಖ, ಸಸ್ಪೆನ್ಷನ್ ಆರ್ಡರು, ಎಲ್ಲ ಸಾಲಾಗಿ ಹಾದುಹೋದವು. ಹಿಂದಿನ ಗಾಜು ಸರಿಯಿತು. ಹುಲಗವ್ವ ತಲೆ ಹೊರಹಾಕಿದಳು.

"ಏ ಯಪ್ಪಾ, ನಿನ್ನ ಪರ್ಮಿಷನ್ ಆಮ್ಯಾಲ ಕೇಳು! ಮೊದ್ಲು ನನ್ನ ಸೊಸಿ ಮುಖ ನೋಡು!"

ಅವರು ಒಳಗೆ ಬಗ್ಗಿ ನೋಡಿದರು. ಬೈಕ್ ಹತ್ತಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ನಮ್ಮ ಮುಂದೆ ಹೊರಟರು. ಅವರು ಸೀಟಿ ಊದಿದಾಗ ನಾನು ಉಸಿರೆಳೆದುಕೊಳ್ಳುವುದು, ಅವರು ಉಸಿರೆಳೆದುಕೊಂಡಾಗ ನಾನು "ಪೀಂ-ಪೋಂ" ಎನ್ನುವುದು. ಹೀಗೆ ಜುಗಲ್‌ಬಂದಿಯಲ್ಲಿ ನಾವು ಹೊಸಪೇಟೆ ಸೇರಿದೆವು. ಊರೊಳಗಿನ ಸರ್ಕಲ್ ದಾಟುವಾಗ ನನ್ನ ಸ್ವರ ಒಡೆಯಿತು. ಆಸ್ಪತ್ರೆಯ ಗೇಟಿನೊಳಗೆ ನುಗ್ಗುವಾಗ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು.

ಸ್ಟ್ರೆಚರ್ ಬಂತು. ಲಕ್ಷ್ಮಿಯನ್ನು ಇಳಿಸುವಾಗ ಅವಳು ಕಣ್ಣು ತೆರೆದು ನನ್ನ ಕೈಬೆರಳು ಹಿಡಿದಳು. ಹಿಡಿತ ಇತ್ತು. ಆ ಒಂದು ಹಿಡಿತದಿಂದ ನನಗೆ ಅರ್ಧ ಜೀವ ಬಂತು. ಬಾಗಿಲು ಮುಚ್ಚಿಕೊಂಡಿತು.

ಆಮೇಲಿನದು ಕಾಯುವ ಕೆಲಸ. ಹುಲಗವ್ವ ನೆಲದ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು. ಯಜಮಾನರು ಗೋಡೆಗೆ ಒರಗಿ ನಿಂತರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ತಲೆಯಲ್ಲಿ ಒಂದೇ ಯೋಚನೆ: ನಾನು ಆ ಸೈರನ್ನು ಕೂಗಿಸದೆ ಇದ್ದಿದ್ದರೆ ಇವರು ನಿಜವಾದ ಆಂಬುಲೆನ್ಸಿಗೆ ಕಾಯುತ್ತಿದ್ದರಲ್ಲ. ಅದರಲ್ಲಿ ನರ್ಸ್ ಇರುತ್ತಿದ್ದರು, ಆಕ್ಸಿಜನ್ ಇರುತ್ತಿತ್ತು. ನಮ್ಮ ವ್ಯಾನಿನಲ್ಲಿ ಇದ್ದದ್ದು ಒಂದು ರಬ್ಬರ್ ಮ್ಯಾಟು.

ಕೊನೆಗೆ ನರ್ಸ್ ಬಾಗಿಲು ತೆರೆದರು.

"ಹೆಣ್ಣುಮಗು ರೀ. ಆಪರೇಷನ್ ಮಾಡಿ ತೆಗದಾರ. ತಾಯಿ ಹುಷಾರದಾಳ. ಇನ್ನಷ್ಟು ತಡ ಆಗಿದ್ರ ಕಷ್ಟ ಇತ್ತು."

ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತೆ. ಅಳುವಿಗೂ ದನಿ ಬರಲಿಲ್ಲ. ಪೇದೆ ಹೊರಗೆ ಹೋಗಿ, ವ್ಯಾನಿನ ಮೇಲಿಂದ ಪಟ್ಟಿಯನ್ನು ತಾವೇ ಬಿಚ್ಚಿ, ಬೈಕಿನ ಹಿಂದೆ ಕಟ್ಟಿಕೊಂಡು ಬಂದರು.

"ಟೀಚರ್ ಅಂತ ನಿಮ್ಮ ಯಜಮಾನ್ರು ಹೇಳಿದ್ರು, ಒಳ್ಳೇ ಕೆಲ್ಸ ಮಾಡೀರಿ, ಅದಕ್ಕ ಕೇಸ್ ಹಾಕೂದಿಲ್ಲ. ಆದ್ರ ಇದು ಮಾತ್ರ ಸ್ಟೇಷನ್ನಾಗ ಇರ್ತತಿ. ಅಲ್ರೀ, ಭಾಳ ಹಳೇದು ಅನಸ್ತತಿ, ಯಾವಾಗಿಂದಿದು?"

ಜೀವನದಲ್ಲಿ ಮೊದಲ ಸಲ ಒಬ್ಬರು ತಾವಾಗಿಯೇ ಆ ಪ್ರಶ್ನೆ ಕೇಳಿದ್ದರು. ಉತ್ತರವೂ ಗೊತ್ತಿತ್ತು. ಬಾಯಿ ಆಡಿಸಿದೆ. ಗಾಳಿ ಬಂತು. ಪೇದೆ ಕರುಣೆಯಿಂದ ತಲೆಯಾಡಿಸಿ ಹೊರಟುಹೋದರು.

ನರ್ಸಿನ ಹಿಂದೆಯೇ ಒಳಗೆ ಹೋಗಿದ್ದ ಹುಲಗವ್ವ ಮೊಮ್ಮಗಳನ್ನು ನೋಡಿ, ಮುಖವೆಲ್ಲ ಅರಳಿಸಿಕೊಂಡು ಬಂದಳು. ಬರುವಾಗ ಕ್ಯಾಂಟೀನಿನಿಂದ ಎರಡು ಲೋಟ ಚಹಾ ತರಿಸಿದ್ದಳು. ಒಂದನ್ನು ಯಜಮಾನರಿಗೆ ಕೊಟ್ಟು, "ಡ್ರೈವರಪ್ಪ, ಮಸ್ತ್ ಓಡಿಸ್ದಿ ನೋಡು" ಎಂದಳು. ಇನ್ನೊಂದನ್ನು ನನ್ನ ಕೈಗಿಟ್ಟು, ನನ್ನ ಪಕ್ಕದಲ್ಲೇ ಕೂತು, ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಚ್ಚುಗೆಯ ದನಿಯಲ್ಲಿ ಹೇಳಿದಳು:

"ಸರ್ಕಾರದೋರು ಶ್ಯಾಣ್ಯಾರದಾರವ್ವ. ಸೈರನ್ ಕೆಟ್ರ ಕೂಗಾಕಂತನ ಗಾಡ್ಯಾಗ ಒಬ್ಬಾಕಿನ್ನ ಇಟ್ಟಾರಲ್ಲ! ನಿಂದೇನು, ಪರ್ಮನೆಂಟೋ, ಕಾಂಟ್ರ್ಯಾಕ್ಟೋ?"

ನಾನು ಸಹಾಯಕ್ಕಾಗಿ ಯಜಮಾನರ ಕಡೆ ನೋಡಿದೆ. ಅವರು ಚಹಾ ಗುಟುಕರಿಸಿ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅತ್ಯಂತ ಗಂಭೀರವಾಗಿ ಉತ್ತರಿಸಿದರು.

"ಇನ್ನೂ ಟ್ರೇನಿಂಗಿನ್ಯಾಗ ಅದಾಳವ್ವ."